ಬುಟ್ಟಿಯ ಮುಂದೆ ಕೂತ ಅಪ್ಪ

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ಆ ಮನುಷ್ಯ ನೇರವಾಗಿ ಅಂಕಣದೊಳಗೆ ನಡೆದು ಬಂದು ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

ಹುಮನಾಬಾದಿನ ಕಾಲೇಜು ಮೈದಾನದಲ್ಲಿ ಡಂಕ್ ಸ್ಪರ್ಧೆ ನಡೆದಿತ್ತು. ಹಾರಿ ಚೆಂಡನ್ನು ಬುಟ್ಟಿಯೊಳಗೆ ಬಡಿಯಬೇಕು. ಹಾರುವ ಚಂದಕ್ಕೆ ಅಂಕ. ಒಬ್ಬೊಬ್ಬರಿಗೆ ಎರಡು ಸಲ ಅವಕಾಶ, ಎರಡರಲ್ಲಿ ಹೆಚ್ಚಿನ ಅಂಕವೇ ಲೆಕ್ಕ. ಅಂಕ ಕೊಡುವವರಲ್ಲಿ ನಾನೂ ಒಬ್ಬಳು. ಮುಡಬಿ ಊರಿನ ಆರೂವರೆ ಅಡಿ ಹುಡುಗ ಮೊದಲ ಸಲ ಚೆಂಡು ಹಾಕಿದಾಗ ಚಪ್ಪಾಳೆಯ ಬದಲು ನಗು ಎದ್ದಿತ್ತು. “ಇಂವಗ ಜಿಗಿಯೋದೇ ಬ್ಯಾಡ, ನಿಂತಲ್ಲೇ ಇಡ್ತಾನ!” ಎಂದು ಯಾರೋ ಕೂಗಿದ್ದರು. ನಾನೂ ಕಡಿಮೆ ಅಂಕವನ್ನೇ ಕೊಟ್ಟಿದ್ದೆ.

ಈಗ ಬಂದು ಕೂತವನು ಆ ಹುಡುಗನ ಅಪ್ಪ. ಮಗನಿಗೆ ಬೆನ್ನು ಮಾಡಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, “ಈ ಸಲ ನನ್ನ ಮ್ಯಾಲಿಂದ ಜಿಗಿ” ಎಂದ.

“ಯಜಮಾನ್ರ, ಏಳ್ರಿ! ತಲಿಗಿ ಬಡೀತದ!” ಎಂದು ಕಿರುಚಿದೆ.

“ಸುಮ್ಕಿರ್ರಿ ಮೇಡಂ. ಕುರಿದೊಡ್ಡಿ ಮುಳ್ಳಬೇಲಿ ಜಿಗದು ಬೆಳದಾನ ಅಂವ.”

ಹುಡುಗ ಓಡಿ ಬಂದ. ನೋಡಲಾಗದೆ ಕಣ್ಣು ಮುಚ್ಚಿದೆ. ಧಡ್ ಎಂಬ ಸದ್ದಿಗೆ ಕಣ್ಣು ತೆರೆದರೆ ಹುಡುಗ ಬುಟ್ಟಿಯ ರಿಂಗಿಗೆ ಜೋತುಬಿದ್ದಿದ್ದ. ಅವನ ಹಿಂದೆ ಕಂಬಳಿ ಕದಲಿರಲಿಲ್ಲ.

ಪೂರ್ತಿ ಅಂಕ ಕೊಟ್ಟೆ, ಗೆದ್ದವನೂ ಅವನೇ. ಆದರೆ ಆ ಜಿಗಿತವನ್ನು ನಾನು ನೋಡಲೇ ಇಲ್ಲ. ಕಂಬಳಿಯೊಳಗೆ ಕೂತ ಆ ಅಪ್ಪನೂ ನೋಡಿರಲಿಲ್ಲ. ಅವನಿಗೆ ನೋಡುವ ಅಗತ್ಯವಿರಲಿಲ್ಲ.