ಸಮುದ್ರದತ್ತ ನಡೆದ ಮನೆ

ಆಫೀಸಿನಲ್ಲಿ ಆಕೆಗೆ ‘ಗೆರೆ ಅಕ್ಕ’ ಎಂದೇ ಹೆಸರು. ಉಪಗ್ರಹದ ರಾಡಾರ್ ಚಿತ್ರ ನೋಡಿ ಉತ್ತರ ಧ್ರುವದ ಸುತ್ತಲಿನ ಕರಾವಳಿಯ ಗೆರೆಯನ್ನು ನಕ್ಷೆಗೆ ಇಳಿಸುವುದು ಆಕೆಯ ಕೆಲಸ. ಅಲ್ಲಿಯ ಚಳಿಯನ್ನು ಆಕೆ ಕನಸಲ್ಲೂ ಕಂಡವಳಲ್ಲ. ಇಲ್ಲಿ ಫ್ಯಾನು ನಿಂತರೆ ಸಿಡಿಮಿಡಿಗೊಳ್ಳುತ್ತಿದ್ದಳು. ಆದರೂ ಆಕೆಯ ಗೆರೆಯಲ್ಲಿ ತಪ್ಪು ಹುಡುಕಿದವರನ್ನು ಸಾಹೇಬರು, “ಮೊಸರಲ್ಲಿ ಕಲ್ಲು ಹುಡುಕ್ತೀರಲ್ಲ!” ಎಂದು ಗದರುತ್ತಿದ್ದರು.

ಆಫೀಸಿನಲ್ಲೊಂದು ರೂಢಿಯಿತ್ತು. ಹೊಸ ಚಿತ್ರದ ದಡ ಹಳೇ ಗೆರೆಗೆ ಕೂಡದಿದ್ದರೆ ಚಿತ್ರವನ್ನೇ ಜರುಗಿಸಿ ಕೂಡಿಸುವುದು. ಉಪಗ್ರಹದ ಚಿತ್ರ ಅಷ್ಟಿಷ್ಟು ಆಚೀಚೆ ಬರುವುದು ಮಾಮೂಲು. ದಡ ಎಲ್ಲಿಗೆ ಹೋದೀತು? ವರ್ಷಗಟ್ಟಲೆ ಆಕೆ ಹಾಗೇ ಜರುಗಿಸಿದ್ದಳು. ಯಾರೂ ಚಕಾರ ಎತ್ತಿರಲಿಲ್ಲ.

ಈ ಸಲ ಆಕೆಯ ತಮ್ಮನೇ ಆ ಕರಾವಳಿಯ ಹವಾಮಾನ ಠಾಣೆಗೆ ರೇಡಿಯೊ ಮೆಕ್ಯಾನಿಕ್ ಆಗಿ ಹೋಗಿದ್ದ. ಹಾಗಾಗಿ ಆ ದಿನ ದಡವನ್ನು ಹಳೇ ಗೆರೆಗೆ ಕೂಡಿಸಿದ ಮೇಲೆ ಅವನಿದ್ದ ಠಾಣೆಯ ಮನೆ ಹುಡುಕಿದಳು. ತಗಡಿನ ಸೂರು ರಾಡಾರ್ ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ನಕ್ಷೆಯಲ್ಲಿ ಠಾಣೆ ಬೆಟ್ಟದ ಬುಡದಲ್ಲಿ, ದಡದಿಂದ ಬಲು ದೂರ. ಚುಕ್ಕೆ ಮಾತ್ರ ದಡದ ಗೆರೆಯ ಮೇಲೇ ಕೂತಿತ್ತು.

ಮೊದಲು ನಗು ಬಂತು. ಮನೆಗೇನು ಕಾಲು ಬಂದವೇ? ಆಮೇಲೆ ನೋಡಿದರೆ ಹಿಂದಿನ ಬೆಟ್ಟವೂ ಅಷ್ಟೇ ದೂರ ಸಮುದ್ರದತ್ತ ಸರಿದಿತ್ತು. ಬೆಟ್ಟ ನಡೆಯುವುದುಂಟೇ? ಈಗ ಚಿತ್ರವನ್ನು ನಕ್ಷೆಯ ಬೆಟ್ಟಕ್ಕೆ ಕೂಡಿಸಿದಳು. ಮನೆ ತನ್ನ ಜಾಗಕ್ಕೆ ಹೋಗಿ ಕೂತಿತು. ದಡವೇ ಹಳೇ ಗೆರೆ ಬಿಟ್ಟು ಮನೆಯ ತನಕ ಒಳಬಂದಿತ್ತು. ವರ್ಷವರ್ಷವೂ ಸಮುದ್ರ ನೆಲ ತಿಂದಿತ್ತು, ವರ್ಷವರ್ಷವೂ ಆಕೆ ಅದನ್ನು ನೀಟಾಗಿ ಮುಚ್ಚಿಹಾಕಿದ್ದಳು.

ತಕ್ಷಣ ತಮ್ಮನಿಗೆ ಫೋನ್ ಮಾಡಿದಳು.

“ಸಮುದ್ರ ಎಷ್ಟು ದೂರ ಇದೆಯೋ ಅಲ್ಲಿ?”

“ಈ ಹಿಮಗಾಳೀಲಿ, ಕತ್ತಲೇಲಿ ಯಾರು ಹೋಗಿ ನೋಡ್ತಾರೆ?” ತಮ್ಮ ನಕ್ಕ. “ನಿನ್ನ ನಕ್ಷೇನೇ ಗೋಡೆಗೆ ಅಂಟಿಸಿದ್ದೀವಿ ಅಕ್ಕ. ಅದರ ಪ್ರಕಾರ ಬೇಕಾದಷ್ಟು ದೂರ. ಆ ಧೈರ್ಯದ ಮೇಲೇ ಹೊಸಬರಿಬ್ಬರಿಗೆ ಸಮುದ್ರದ ಕಡೆ ಕೋಣೆ ಕೊಟ್ವಿ. ಇನ್ನೂ ಮಲಗಿದ್ದಾರೆ.”

“ನಕ್ಷೆಗೆ ಬೆಂಕಿ ಹಾಕು! ಅವರನ್ನ ಎಬ್ಬಿಸು. ಎಲ್ಲರೂ ಬೆಟ್ಟದ ಕಡೆ ಹೋಗಿ, ಈಗಲೇ!”

ಅಕ್ಕನ ದನಿ ಕೇಳಿ ತಮ್ಮ ಓಡಿದ. ಬಾಗಿಲು ಬಡಿದದ್ದು, ಯಾರೋ ನಿದ್ದೆಗಣ್ಣಲ್ಲಿ ಗೊಣಗಿದ್ದು ಕೇಳಿಸಿತು. ಆಕೆ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು. ತುಂಬ ಹೊತ್ತಿನ ಮೇಲೆ ಅವನ ಏದುಸಿರು ಕೇಳಿಸಿತು.

“ಎಲ್ಲರೂ ಹೊರಗಿದ್ದೀವಿ. ಟಾರ್ಚ್ ಬಿಟ್ಟು ನೋಡಿದೆ. ಆ ಕೋಣೆ ಕೆಳಗೆ ನೆಲ ಇಲ್ಲ ಅಕ್ಕ. ಬರೀ ಹಲಗೆ.”