ಏಣಿ ಹಿಡಿಯದ ಶನಿವಾರ

ಆ ಶುಕ್ರವಾರ ಎಂದಿನಂತೆಯೇ ಇತ್ತು. ಲೊರೀನ್ ಕೋಳಿಗಳಿಗೆ ಕಾಳು ಹಾಕಿ, ಮೊಟ್ಟೆ ಆರಿಸಿ, ಗಂಡನಿಗೆ ಹಂದಿಮಾಂಸ ಕರಿದು ಕೊಟ್ಟಳು. ಡೆಲ್ಮರ್ ಉಣ್ಣುತ್ತಲೇ ಕಿಟಕಿಯಾಚೆ ನೋಡಿದ.

"ಪೊರಕೆ ತಗೊಂಡು ಮರದ ಬುಡ ಗುಡಿಸ್ಬಿಡೇ. ನಾಳೆ ಬಾವುಟ ಏರಿಸ್ಬೇಕು."

"ಆಟಾನೇ ಶುರುವಾಗಿಲ್ಲ, ಆಗ್ಲೇ ಬಾವುಟವಾ?"

"ಆಟ ನಿಂಗೇನು ಗೊತ್ತು? ನಿನ್ ಕೆಲ್ಸ ಏಣಿ ಹಿಡಿಯೋದು."

ನಗುತ್ತಲೇ ಅಂದಿದ್ದ. ಮದುವೆಯಾದಾಗಿನಿಂದ ಅನ್ನುತ್ತಿದ್ದ ಮಾತದು. ಅವಳೂ ನಗುತ್ತಿದ್ದಳು. ಅವತ್ತು ಯಾಕೋ ಚುಚ್ಚಿತು.

ಅಲಬಾಮಾದ ಆ ಮಣ್ಣುರಸ್ತೆಯಲ್ಲಿ ಒಂದು ಪದ್ಧತಿ. ಕಾಲೇಜಿನ ಹುಡುಗರು ಫುಟ್‌ಬಾಲ್ ಗೆದ್ದರೆ ಮನೆಮನೆಗೂ ಕೆಂಪು ಬಾವುಟ ಏರುತ್ತದೆ. ಆಟ ಮುಗಿಯುವ ತನಕ ಯಾರೂ ಕಾಯುವುದಿಲ್ಲ. ಗೆಲುವು ಖಚಿತವಾದ ಕೂಡಲೇ ಮೊದಲು ಏರಿಸಿದವನಿಗೆ ವಾರವಿಡೀ ಮೀಸೆ ತಿರುವುವ ಹಕ್ಕು. ಎದುರುಮನೆಯ ರಾಯ್ಸನಿಗೂ ಡೆಲ್ಮರನಿಗೂ ಇದೇ ಪೈಪೋಟಿ. ಕಾಗದದ ಕಾರ್ಖಾನೆಯಲ್ಲಿ ದುಡಿದು ಡೆಲ್ಮರನ ಮೊಣಕಾಲು ಸವೆದಿತ್ತು, ಹಟ ಸವೆದಿರಲಿಲ್ಲ. ಜಗುಲಿಯ ಮೇಲೆ, ಮಾಡಿನ ತುದಿಗೆ ಕಬ್ಬಿಣದ ಬಳೆ ಹೊಡೆದಿದ್ದ. ಅವನು ಏಣಿ ಹತ್ತಿ ಆ ಬಳೆಗೆ ಬಾವುಟದ ಕೋಲು ಸಿಕ್ಕಿಸಬೇಕು, ಅವಳು ಕೆಳಗೆ ಹಿಡಿಯಬೇಕು. ಪಕ್ಕದಲ್ಲೇ ಪೆಕಾನ್ ಮರ. ಎಲೆ ಉದುರುವ ಕಾಲದಲ್ಲಿ ಏಣಿ ಜಾರುತ್ತದೆಂದು ಗುಡಿಸುವ ಕೆಲಸವೂ ಅವಳದೇ.

ಮೊಟ್ಟೆ ಕೊಡಲು ಹಾಯ್ಟನ ಅಂಗಡಿಗೆ ಹೋದಳು. ಗಾಳದ ಹುಳು, ಐಸು, ಪೆಟ್ರೋಲು ಮಾರುವ ಅಂಗಡಿ. ಹಾಯ್ಟ್ ಬಾಜಿಯನ್ನೂ ಕಟ್ಟಿಸಿಕೊಳ್ಳುತ್ತಿದ್ದ. ಇದು ಪೊಲೀಸರಿಗೂ ಗೊತ್ತು, ಪಾದ್ರಿಗೂ ಗೊತ್ತು.

"ನಾಳೆ ಆಟಕ್ಕೆ ಎಷ್ಟು ಅಂಕದ ಅಂತರ ಇಟ್ಟಿದೀಯ?" ಎಂದು ಕೇಳಿದಳು.

"ಹದಿನೇಳೂವರೆ, ಮಿಸ್ ಲೊರೀನ್. ನಮ್ ಹುಡುಗ್ರು ಬರೀ ಗೆದ್ರೆ ಸಾಲ್ದು. ಅದಕ್ಕಿಂತ ಹೆಚ್ಚು ಅಂಕದಲ್ಲಿ ಗೆಲ್ಬೇಕು. ಇಲ್ದಿದ್ರೆ ಅವರ ಮೇಲೆ ಕಟ್ಟಿದೋನು ಕೆಟ್ಟ."

"ಅಷ್ಟಾಗಲ್ಲ. ಮುಕ್ಕಾಲು ಆಟ ಚೆನ್ನಾಗಿ ಆಡ್ತಾರೆ. ಕೊನೇಲಿ ಕೋಚು ಬೆಂಚಿನ ಮೇಲೆ ಕೂತಿರೋ ಮಕ್ಕಳನ್ನ ಇಳಿಸ್ತಾನೆ. ಅವು ಬಿಟ್ಟುಕೊಡ್ತವೆ."

ಐಸಿನ ಪೆಟ್ಟಿಗೆಯ ಮೇಲೆ ಕೂತಿದ್ದ ಮುದುಕ ಕಿಸಕ್ಕನೆ ನಕ್ಕ. "ಅಯ್ಯೋ, ಡೆಲ್ಮರನ ಹೆಂಡ್ತಿ ಕೋಚಾಗ್ಬಿಟ್ಲಲ್ಲಪ್ಪೋ!"

"ಹಾಗಾದ್ರೆ ಕಟ್ಟಿ ನೋಡಿ," ಎಂದ ಹಾಯ್ಟ್. "ಡೆಲ್ಮರಂಗೆ ನಾನಂತೂ ಹೇಳಲ್ಲ."

ನಮ್ಮ ಹುಡುಗರ ಮೇಲೆ ಬಾಜಿ ಕಟ್ಟುವುದೆಂದರೆ ಹೆತ್ತ ಮಗನನ್ನು ಸಂತೆಯಲ್ಲಿ ನಿಲ್ಲಿಸಿದ ಹಾಗೆ ಎನ್ನುತ್ತಿದ್ದ ಡೆಲ್ಮರ್. ಅವಳು ಕಟ್ಟಿದ್ದು ಅವರಿಗೆ ವಿರುದ್ಧವಾಗಿ. ಮೊಟ್ಟೆಯ ದುಡ್ಡನ್ನು ಅಲ್ಲೇ ಮೇಜಿನ ಮೇಲಿಟ್ಟಳು. ಭಾನುವಾರ ಚರ್ಚಿನಿಂದ ಬಂದು, ಗೆದ್ದ ದುಡ್ಡನ್ನು ಅವನ ತಟ್ಟೆಯ ಪಕ್ಕ ಇಟ್ಟು, "ಈಗ ಹೇಳು, ಆಟ ಯಾರಿಗೆ ಗೊತ್ತು?" ಅನ್ನಬೇಕು. ಅಷ್ಟೇ ಅವಳ ಆಸೆ.

ಸಂಜೆ ಮರದ ಬುಡ ಗುಡಿಸಲಿಲ್ಲ. ನಾಳೆ ಆದೀತು ಅಂದುಕೊಂಡಳು.

ಶನಿವಾರ ಒಲೆಯ ಮೇಲೆ ಬೀನ್ಸ್ ಬೇಯುತ್ತಿತ್ತು. ಟಿವಿಯಲ್ಲಿ ಆಟ ಮುಗಿಯುತ್ತ ಬಂದಿತ್ತು. ನಮ್ಮವರಿಗೆ ಮೂವತ್ತೈದು, ಅವರಿಗೆ ಹದಿನಾಲ್ಕು. ಅವಳು ಹೇಳಿದಂತೆಯೇ ಕೋಚು ಬೆಂಚಿನ ಹುಡುಗರನ್ನು ಇಳಿಸಿದ್ದ. ಡೆಲ್ಮರ್ ಕುರ್ಚಿಯಿಂದ ಎದ್ದ.

"ಮುಗೀತು ಕಣೇ. ಬಾ, ಏಣಿ ಹಿಡಿ. ಆ ರಾಯ್ಸ್ ಆಗ್ಲೇ ಅಂಗಳಕ್ಕೆ ಬಂದಿದಾನೆ."

ಅವನ ಮಟ್ಟಿಗೆ ಆಟ ಮುಗಿದಿತ್ತು. ರಸ್ತೆಯಲ್ಲಿ ಎಲ್ಲರಿಗೂ ಮುಗಿದಿತ್ತು. ಅವಳೊಬ್ಬಳಿಗೆ ಮುಗಿದಿರಲಿಲ್ಲ. ಎದುರಾಳಿಗಳು ಚೆಂಡು ಹಿಡಿದು ಗೆರೆಯ ಹತ್ತಿರ ಬರುತ್ತಿದ್ದರು. ದಾಟಿದರೆ ಅವರಿಗೆ ಏಳು ಅಂಕ, ಬಾಜಿ ಅವಳದು.

"ಎರಡು ನಿಮಿಷ ಇರು."

"ಇನ್ನೇನಿದೆ ಅಲ್ಲಿ ನೋಡೋಕೆ? ಗೆದ್ದಾಯ್ತಲ್ಲ!"

"ಬಂದೆ ಅಂದ್ನಲ್ಲ!"

ಜಾಲರಿ ಬಾಗಿಲು ಬಡಿದುಕೊಂಡಿತು. ಏಣಿ ಎಳೆದ ಸದ್ದು ಕೇಳಿಸಿತು. ಗೋಡೆಗೆ ಒರಗಿಸಿದ ಸದ್ದೂ ಕೇಳಿಸಿತು. ಅವಳು ಏಳಲಿಲ್ಲ. ಎದುರಾಳಿಯ ಹುಡುಗನೊಬ್ಬ ಚೆಂಡನ್ನು ಎದೆಗವಚಿಕೊಂಡು ಗೆರೆ ದಾಟಿದ. ಲೊರೀನ್ ಚಪ್ಪಾಳೆ ತಟ್ಟಿದಳು. ಕೈ ಇನ್ನೂ ಬೇರೆಯಾಗಿರಲಿಲ್ಲ, ಹೊರಗೆ ದೊಪ್ಪೆಂದಿತು.

ಅವಳು ಓಡಿ ಹೋದಾಗ ಅವನ ಮುಷ್ಟಿಯಲ್ಲಿ ಬಾವುಟದ ಕೋಲು ಹಾಗೇ ಇತ್ತು. ಕಣ್ಣುಗಳು ತೆರೆದೇ ಇದ್ದವು. ಜೀವ ಇರಲಿಲ್ಲ.

ಮಣ್ಣು ಮಾಡುವ ದಿನ ಅಡುಗೆಮನೆಯ ತುಂಬ ನೆರೆಯವರು ತಂದ ಪಾತ್ರೆಗಳು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಏಣಿ ಯಾರೂ ಹಿಡಿದಿರಲಿಲ್ಲವಾ?

"ಬೀನ್ಸ್ ತಳ ಹಿಡೀತಿತ್ತು. ಒಲೆ ಹತ್ರ ಇದ್ದೆ," ಎಂದಳು ಲೊರೀನ್.

ಎಲ್ಲರೂ ನಂಬಿದರು. ಬೀನ್ಸ್ ತಳ ಹಿಡಿದದ್ದೂ ನಿಜವೇ. ಶವಪೆಟ್ಟಿಗೆಯ ಮೇಲೆ ಬಾವುಟ ಹೊದಿಸಿದವನು ರಾಯ್ಸ್. ಅವಳಿಗಿಂತ ಅವನೇ ಹೆಚ್ಚು ಅತ್ತ.

ಕೆಲವು ದಿನ ಕಳೆದು ಹಾಯ್ಟ್ ಟೋಪಿ ಕೈಯಲ್ಲಿ ಹಿಡಿದು ಜಗುಲಿಗೆ ಬಂದ. ಮಡಿಸಿದ ನೋಟುಗಳನ್ನು ಅವಳ ಅಂಗೈಗೆ ತುರುಕಿದ.

"ನಿಮ್ಮ ಬಾಜಿ ದುಡ್ಡು, ಮಿಸ್ ಲೊರೀನ್. ನಾನಿಟ್ಕೊಳ್ಳೋದು ಸರಿಯಲ್ಲ."

ಡೆಲ್ಮರನ ಅಕ್ಕ ವರ್ನೆಲ್ ಅಲ್ಲೇ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದಳು. ಬೇಲಿಯಾಚೆಯ ಮನೆ ಅವಳದು. ಹಾಯ್ಟನ ಗಾಡಿ ತಿರುವು ದಾಟಿದ ಮೇಲೆ ಕೇಳಿದಳು.

"ಅವತ್ತು ನಂಗೆ ಚಪ್ಪಾಳೆ ಕೇಳಿಸ್ತು. ನಮ್ಮೋರು ಗೆರೆ ದಾಟಿದ್ರು ಅನ್ಕೊಂಡೆ. ಆಮೇಲೆ ಗೊತ್ತಾಯ್ತು, ದಾಟಿದ್ದು ಅವರು. ತಟ್ಟಿದ್ದು ಯಾಕೆ ಲೊರೀನ್?"

ಬೀನ್ಸಿನ ಮಾತನ್ನೇ ಇನ್ನೊಮ್ಮೆ ಹೇಳಬಹುದಿತ್ತು. ಹದಿನೇಳೂವರೆಯಿಂದ ಹಿಡಿದು ಗುಡಿಸದ ಎಲೆಯ ತನಕ ಹೇಳಿದಳು. ವರ್ನೆಲ್ ತಲೆ ಎತ್ತದೆ ಕಾಯಿ ಒಡೆಯುತ್ತಲೇ ಇದ್ದಳು.

"ಅವನಿಗೆ ತಾಳ್ಮೆ ಇರ್ಲಿಲ್ಲ. ಕಾಯ್ಬೇಕಿತ್ತು," ಎಂದಳು ಕೊನೆಗೆ. ಇನ್ನೊಂದು ಕಾಯಿ ಒಡೆದು, "ನೀನೂ ಏಳ್ಬೇಕಿತ್ತು."

"ಹೌದು."

"ಎಷ್ಟರಲ್ಲಿ ಗೆದ್ರು?"

"ಹದಿನಾಲ್ಕು ಅಂಕದಲ್ಲಿ."

"ಆಟ ಗೊತ್ತಿತ್ತು ನಿಂಗೆ." ವರ್ನೆಲ್ ಮಡಿಲಿನ ಸಿಪ್ಪೆ ಕೊಡವಿ ಎದ್ದು ಹೋದಳು.

ಭಾನುವಾರಗಳಲ್ಲಿ ಬರುತ್ತಿದ್ದವಳು ಎಷ್ಟೋ ವಾರ ಬರಲೇ ಇಲ್ಲ. ಆಮೇಲೊಂದು ದಿನ ಮೆಕ್ಕೆಜೋಳದ ಬ್ರೆಡ್ಡಿನ ತಟ್ಟೆ ಹಿಡಿದು ಬಂದು ಅದೇ ಕುರ್ಚಿಯಲ್ಲಿ ಕೂತಳು. ಆ ಮಾತು ಎತ್ತಲಿಲ್ಲ. ಈಗಲೂ ಎತ್ತುವುದಿಲ್ಲ. ಲೊರೀನ್ ಆ ದುಡ್ಡನ್ನು ಚರ್ಚಿನ ಕಾಣಿಕೆ ತಟ್ಟೆಗೆ ಹಾಕಿದಳು. ಎದೆಯ ಭಾರ ಇಳಿಯಲಿಲ್ಲ. ಏಣಿಯನ್ನು ರಾಯ್ಸ್ ಕೊಂಡುಹೋದ. ಮಾಡಿನ ತುದಿಯ ಬಳೆ ತುಕ್ಕು ಹಿಡಿದಿದೆ.

ಈಗಲೂ ದಿನಾ ಬೆಳಿಗ್ಗೆ ಮೊದಲು ಪೊರಕೆ ಹಿಡಿಯುತ್ತಾಳೆ. ಬಳೆಯ ಕೆಳಗೆ, ಏಣಿಯ ಕಾಲು ಊರುತ್ತಿದ್ದ ಜಾಗದಲ್ಲಿ, ಒಂದು ಎಲೆಯೂ ಉಳಿಯದಂತೆ ಮಣ್ಣು ಕಾಣುವ ತನಕ ಗುಡಿಸುತ್ತಾಳೆ. ಎಲೆ ಉದುರದ ತಿಂಗಳುಗಳಲ್ಲೂ ಗುಡಿಸುತ್ತಾಳೆ. ಆಮೇಲೆ ಹೋಗಿ ಕೋಳಿಗೂಡಿನ ಬಾಗಿಲು ತೆಗೆಯುತ್ತಾಳೆ.