ತೊಗಟೆ ಇಲ್ಲದ ಅಣಬೆ

ಕೊರೊನಾ ಮುಗಿದು ಅಂಗಡಿಗಳ ಬಾಗಿಲು ಪೂರ್ತಿ ತೆರೆದ ವರ್ಷ. ಆಗ ನಾನು ಶಿವಾಜಿನಗರದ ಒಂದು ಗ್ರಂಧಿಗೆ ಅಂಗಡಿಯಲ್ಲಿ ಬೇರು, ನಾರು, ಕಾಯಿಗಳನ್ನು ಆಯ್ದು ಹಸನು ಮಾಡುವ ಕೆಲಸದಲ್ಲಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಕೆ.ಆರ್. ಪುರದ ಕಡೆಯಿಂದ ಹಲಸೂರಿಗೆ ಬಂದವಳು ಆ ಅಂಗಡಿಯ ಮೊರ ಹಿಡಿದೆ. ಕೂದಲು ಬೆಳ್ಳಗಾಗುವವರೆಗೂ ಬಿಡಲಿಲ್ಲ. ಈಗ ನನ್ನ ಮೊಮ್ಮಗಳು ಸಿಂಧು ಅಣಬೆಗಳ ಮೇಲೆಯೇ ಎಂ.ಎಸ್ಸಿ. ಓದುತ್ತಿದ್ದಾಳೆ. ಹಾಲಿನವನಿಗೂ ಹೇಳಿದ್ದೇನೆ, ಮೆಟ್ರೋದಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ಹೇಳಬೇಕಾದ ಒಬ್ಬರಿಗೆ ಮಾತ್ರ ಹೇಳಲಾಗಿಲ್ಲ.

ಅವರೇ ನಮ್ಮ ದೊಡ್ಡ ಸಾಹೇಬರು, ಅಂಗಡಿಯ ಯಜಮಾನರು. ವ್ಯಾಪಾರ ಅವರಿಂದ, ಆಯುವುದು ನನ್ನಿಂದ ಎಂದು ನಡೆದುಕೊಂಡು ಬಂದಿತ್ತು. ಕೊರೊನಾಕ್ಕೆ ಸ್ವಲ್ಪ ಮುಂಚೆ ತೀರಿಕೊಂಡರು. ಆಮೇಲೆ ಮಗ ಇರ್ಫಾನ್ ಗಲ್ಲಾದ ಮೇಲೆ ಕೂತ.

ನಮ್ಮಲ್ಲಿ ಎರಡು ಚೀಲ ಅಣಬೆ ಇರುತ್ತಿತ್ತು. ಅಡುಗೆಯ ಮೆತ್ತನೆಯ ಅಣಬೆ ಅಲ್ಲ. ಮರದ ಮೈಯಲ್ಲಿ ಗೂಡಿನ ಹಾಗೆ ಅಂಟಿಕೊಂಡು ಬೆಳೆಯುವ, ಕಟ್ಟಿಗೆಯಷ್ಟು ಗಟ್ಟಿಯಾದ ಜಾತಿ. ಒಂದು ಚೀಲದಲ್ಲಿ ಹಲಸಿನ ಮರದ್ದು. ಮಗುವಿಗೆ ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿದರೆ ಹಳೆಯ ಕಾಲದವರು ಇದನ್ನು ಕಲ್ಲಿನ ಮೇಲೆ ತೇಯ್ದು ಒಸಡಿಗೆ ಸವರುತ್ತಿದ್ದರು. ಇನ್ನೊಂದರಲ್ಲಿ ಸಿಕ್ಕ ಸಿಕ್ಕ ಮರದ್ದು, ಸೊಳ್ಳೆಗೆ ಹೊಗೆ ಹಾಕಲು ಮಾತ್ರ. ಮೇಲಿನಿಂದ ನೋಡಿದರೆ ಎರಡೂ ಒಂದೇ ಕಂದು, ಒಂದೇ ಒರಟು. ಗುರುತು ಇರುತ್ತಿದ್ದದ್ದು ಬೆನ್ನಿನಲ್ಲಿ. ಕೀಳುವಾಗ ಅದರ ಜೊತೆ ಮರದ ತೊಗಟೆಯೂ ಒಂದಿಷ್ಟು ಬರಬೇಕು. ತೊಗಟೆ ಇಲ್ಲದ ತುಂಡನ್ನು ಸಾಹೇಬರು ಕೊಳ್ಳುತ್ತಲೇ ಇರಲಿಲ್ಲ. ನಾನು ಹೊಸಬಳಾಗಿದ್ದಾಗ ಒಮ್ಮೆ ಅದನ್ನು ಕೆರೆಯಲು ಹೋಗಿದ್ದೆ.

“ಅರೆ, ಬಿಡು ಲಕ್ಷ್ಮಮ್ಮ, ಬಿಡು! ಅದು ಅದರ ಅಡ್ರೆಸ್ಸು. ಅಡ್ರೆಸ್ ಹರಿದ್ಹಾಕಿ ಕಾಗ್ದ ಪೋಸ್ಟ್ ಮಾಡ್ತೀಯಾ?” ಎಂದಿದ್ದರು.

ಅಷ್ಟು ವರ್ಷ ನೆನಪಿಟ್ಟುಕೊಂಡ ಮಾತನ್ನು ಎರಡು ದಿನದಲ್ಲಿ ಮರೆತೆ. ಇಂದಿರಾನಗರದಲ್ಲಿ ಆರೋಗ್ಯದ ಚಹಾಪುಡಿ ಮಾರುವ ಹುಡುಗನೊಬ್ಬ ಬಂದು, ಒಂದು ತುಂಡಿಗೆ ಫೋನು ಹಿಡಿದು, “ರೀಷಿ ಇದು! ಎಷ್ಟಿದೆ ಅಷ್ಟೂ ಬೇಕು. ಆದ್ರೆ ಕ್ಲೀನ್ ಪೀಸ್ ಆಗ್ಬೇಕು” ಎಂದ. ರೀಷಿ ಎಂದರೆ ಹೊರದೇಶಗಳಲ್ಲಿ ಔಷಧಿ ಎಂದು ದುಬಾರಿಗೆ ಮಾರುವ ಅಣಬೆಯಂತೆ. ಇರ್ಫಾನನ ಮುಖ ಅರಳಿತು. ಸಾಹೇಬರು ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆ ನಗು ನೋಡಿ ಕುಡುಗೋಲು ತೆಗೆದುಕೊಂಡೆ. ಎರಡೂ ಚೀಲದ್ದನ್ನು ಕೆರೆದೆ, ಉಜ್ಜಿದೆ, ತಾರಸಿಯ ಮೇಲೆ ಒಂದೇ ಚಾಪೆಯಲ್ಲಿ ಹರವಿದೆ. ಪಾಲಿಶ್ ಹಾಕಿದ ಹಾಗೆ ಹೊಳೆದವು. ನನಗೆ ಹೆಮ್ಮೆಯೋ ಹೆಮ್ಮೆ.

ಮರುದಿನ ಮಧ್ಯಾಹ್ನ ಸಿಂಧು ಊಟದ ಡಬ್ಬಿ ತಂದಳು. ಆಗಿನ್ನೂ ಬಿ.ಎಸ್ಸಿ. ಮಾಡುತ್ತಿದ್ದಳು. ಒಂದು ತುಂಡನ್ನು ಆ ಕಡೆ ಈ ಕಡೆ ತಿರುಗಿಸಿ, “ಅಜ್ಜೀ, ಇದು ಯಾವ ಮರದ್ದು?” ಎಂದಳು.

ಬೆನ್ನು ನೋಡಿದೆ, ತೊಗಟೆ ಇಲ್ಲ. ಇನ್ನೊಂದು ತುಂಡು ಎತ್ತಿಕೊಂಡೆ, ಮೂಸಿದೆ, ಉಗುರಿನಿಂದ ತಟ್ಟಿದೆ. ಎಲ್ಲವೂ ಒಂದೇ ಸದ್ದು. ಗಲ್ಲಾದ ಹತ್ತಿರ ಓಡಿದೆ.

“ಇರ್ಫಾನ್, ಇದ್ರಲ್ಲಿ ಯಾರಿಗಾದ್ರೂ ಕೊಟ್ಯೇನಪ್ಪಾ?”

“ಒಂದೇ ತುಂಡಮ್ಮಾ. ಬೆಳಿಗ್ಗೆ ರಿಚರ್ಡ್ಸ್ ಟೌನಿನ ಬಿಲ್ಕೀಸ್ ಬೀ ಮನೆಯಿಂದ ಬಂದಿದ್ರು. ಏಳು ತಿಂಗಳ ಮರಿಮಗೂಗೆ ಬಾಯಿ ಹುಣ್ಣಂತೆ.”

ಏಳು ತಿಂಗಳ ಕೂಸು! ಹೊಗೆ ಹಾಕುವುದನ್ನು ಅದರ ಬಾಯಿಗೆ ಸವರಿದರೆ? ಇರ್ಫಾನ್ ಫೋನು ಮಾಡಿದ, ಯಾರೂ ಎತ್ತಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಸಿಂಧುವಿನ ಜೊತೆ ಆಟೋ ಹತ್ತಿದೆ. ದಾರಿಯುದ್ದಕ್ಕೂ ನಮ್ಮ ದೇವರ ಹೆಸರನ್ನೂ ಸಾಹೇಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಂಡೆ.

ಬಿಲ್ಕೀಸ್ ಬೀ ನನ್ನಷ್ಟೇ ಹಳಬರು, ಸಾಹೇಬರ ಕಾಲದ ಗಿರಾಕಿ. ಜಗುಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ತೇಯುವ ಕಲ್ಲು. ಅದು ಒಣಗಿತ್ತು. ನಮ್ಮ ತುಂಡು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು.

“ಬಾಮ್ಮಾ, ಬಾ,” ಎಂದರು. “ಇದೇನು ಬೋಳು ಬೋಳು ಕಳ್ಸಿದ್ದೀರಾ? ತೊಗಟೆ ಎಲ್ಲಿ? ಸಾಹೇಬ್ರು ಹೋದ್ರು ಸರಿ, ಅಂಗಡಿಯ ಕಣ್ಣೂ ಜೊತೇಲೇ ಹೋಯ್ತಾ?”

“ಮಗೂಗೆ ಹಾಕಿಲ್ಲ ತಾನೆ?”

“ಹಾಕೋಕೆ ನನ್ಗೇನು ಹುಚ್ಚಾ? ತೊಗಟೆ ನೋಡ್ದೆ ತೇಯ್ಬೇಡ ಅಂತ ಅವ್ರೇ ನನ್ಗೆ ಹೇಳ್ಕೊಟ್ಟಿದ್ದು. ಮೊಮ್ಮಗ್ಳು ಮಗೂನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದಾಳೆ.”

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅತ್ತೆನೋ ನಕ್ಕೆನೋ ತಿಳಿಯದು. ಬಿಲ್ಕೀಸ್ ಬೀ ಎರಡು ಲೋಟ ನೀರು ಕುಡಿಸಿ, ಮೂರನೆಯದಕ್ಕೆ ಚಹಾ ಕೊಟ್ಟರು.

ಇರ್ಫಾನ್ ಅಷ್ಟೂ ಮಾಲನ್ನು ವ್ಯಾಪಾರದಿಂದ ತೆಗೆದ. ಇಂದಿರಾನಗರದ ಹುಡುಗ ಒಪ್ಪಲಿಲ್ಲ. “ರೀಷಿ ಅಂತ ಫೋನೇ ಹೇಳ್ತಲ್ಲಮ್ಮಾ!” ಎಂದ. “ಇದು ಮರದಲ್ಲಿದ್ದಾಗ ನಿನ್ನ ಫೋನು ಎಲ್ಲಿತ್ತಪ್ಪಾ?” ಎಂದೆ. ಸಿಂಧು ನಾಲ್ಕು ತುಂಡುಗಳನ್ನು ಕಾಲೇಜಿಗೆ ಒಯ್ದಳು. ಅವಳ ಮೇಡಮ್ಮು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದರು. ನಾಲ್ಕರಲ್ಲಿ ಒಂದೂ ರೀಷಿ ಅಲ್ಲ. ಕನಿಷ್ಠ ಎರಡು ಜಾತಿಗಳಿವೆ, ಯಾವ ಜಾತಿ ಎಂದು ಇಷ್ಟರಿಂದ ಹೇಳಲಾಗದು ಎಂದರಂತೆ. ಪುಸ್ತಕದವರೂ ಬೇರೆ ಬೇರೆ ದೇಶದ ಅಣಬೆಗಳನ್ನು ಒಂದೇ ಹೆಸರಿನಲ್ಲಿ ಸೇರಿಸಿಟ್ಟು, ಈಗ ಒಂದೊಂದನ್ನೇ ಬಿಡಿಸುತ್ತಿದ್ದಾರಂತೆ. ಕೇಳಿ ಸಮಾಧಾನವಾಯಿತು, ಒಂದೇ ಚಾಪೆಯಲ್ಲಿ ಹರವಿದವಳು ನಾನೊಬ್ಬಳೇ ಅಲ್ಲ. ಆ ಮೇಡಮ್ಮು ಕೇಳಿದ ಮೊದಲ ಮಾತೂ ಅದೇ: “ಯಾವ ಮರದ್ದು?”

ಸಿಂಧುವಿಗೆ ಅಣಬೆಯ ಹುಚ್ಚು ಹತ್ತಿದ್ದು ಅವತ್ತಿನಿಂದ. ಹೋದ ವಾರ ನನ್ನನ್ನು ಕಾಲೇಜಿಗೆ ಕರೆದೊಯ್ದು ತನ್ನ ಬೀರು ತೆರೆದು ತೋರಿಸಿದಳು. ಸಾಲಾಗಿ ಕಾಗದದ ಪೊಟ್ಟಣಗಳು. ಪ್ರತಿಯೊಂದರಲ್ಲಿ ಅಣಬೆಯ ಜೊತೆ ಉಗುರಿನಷ್ಟು ತೊಗಟೆ, ಮೇಲೆ ಅವಳ ಕೈಬರಹದಲ್ಲಿ ಮರದ ಹೆಸರು. ಬಿಲ್ಕೀಸ್ ಬೀ ಹಿಂದಕ್ಕೆ ಕೊಟ್ಟ ಆ ಬೋಳು ತುಂಡೂ ಅಲ್ಲಿದೆ. ಅದರ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ‘ಮರ: ಗೊತ್ತಿಲ್ಲ. ತೊಗಟೆ ತೆಗೆದವರು: ನನ್ನ ಅಜ್ಜಿ.’

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ವಸ್ತು ಎಲ್ಲಿಂದ ಬಂತು ಎನ್ನುವುದನ್ನು ಕೊಳೆ ಎಂದು ಕೆರೆದು ಹಾಕಬಾರದು, ಹಾಕಿದ ಮೇಲೆ ಗೊತ್ತಿಲ್ಲ ಎಂದು ಬರೆಯಲು ನಾಚಬಾರದು. ವಾಪಸು ಬರುವಾಗ ಶಿವಾಜಿನಗರದಲ್ಲಿ ಇಳಿದು ಅಂಗಡಿಯವರೆಗೂ ನಡೆದೆ. ಆ ಚೀಟಿ ನೋಡಿದ್ದರೆ ಸಾಹೇಬರು ಮೊದಲು ಹೊಟ್ಟೆ ಹಿಡಿದು ನಗುತ್ತಿದ್ದರು, ಆಮೇಲೆ ನನಗೆ ಬೈಯುತ್ತಿದ್ದರು. ಗಲ್ಲಾದ ಮುಂದೆ ಸ್ವಲ್ಪ ಹೊತ್ತು ನಿಂತೇ ಇದ್ದೆ, ಆ ಬೈಗುಳ ಇನ್ನೇನು ಕೇಳಿಸುತ್ತದೆ ಎಂಬಂತೆ.